ನನ್ನ ಅರ್ಜಿಯನ್ನು ನಾನೇ ತಿರಸ್ಕರಿಸಿದ್ದು

ಅಧ್ಯಕ್ಷತೆ ವಹಿಸಿ, ಆಗಲೇ ಎರಡು ಸಲ ಗಡಿಯಾರ ನೋಡಿರುವ ಮಾನ್ಯ ನ್ಯಾಯಾಧೀಶರೇ, ವೇದಿಕೆಯ ಮೇಲಿರುವ ಗಣ್ಯರೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕೂತಿರುವ ಸಭಿಕರೇ,

ಈ ಕೌಟುಂಬಿಕ ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ನಾನು ಗುಮಾಸ್ತನಾಗಿ ಇಪ್ಪತ್ತೊಂಬತ್ತು ವರ್ಷ ಕೂತು ಇವತ್ತು ನಿವೃತ್ತನಾಗುತ್ತಿದ್ದೇನೆ. ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಬಳಿ ಇರಬೇಕು? ಕಲ್ಯಾಣಾಧಿಕಾರಿಗಳು ಮಗುವನ್ನು ಒಂಟಿಯಾಗಿ ಮಾತಾಡಿಸಿ ವರದಿ ಬರೆಯುತ್ತಾರೆ. ಅದನ್ನು ನ್ಯಾಯಾಧೀಶರು ಓದಬಹುದು. ಹದಿನೆಂಟು ತುಂಬಿದ ಮೇಲೆ ಆ ಮಗುವೂ ಓದಬಹುದು. ಅಪ್ಪ ಅಮ್ಮ ಓದಬೇಕೆಂದರೆ ಬಲವಾದ ಕಾರಣ ಬೇಕು. ಬಲವಾದ ಕಾರಣ ಯಾವುದು? ನನಗಂತೂ ಇದುವರೆಗೆ ಒಂದೂ ಸಿಕ್ಕಿಲ್ಲ.

ಆ ವರದಿ ಕದ್ದು ಓದಲು ಒಬ್ಬ ತಂದೆ ಫ್ಯಾನ್ ರಿಪೇರಿಯವನ ವೇಷದಲ್ಲಿ ಬಂದರು. "ಸಾರ್, ಫ್ಯಾನ್ ನೋಡ್ಬೇಕಿತ್ತು" ಅಂದರು. "ನೋಡಪ್ಪಾ" ಎಂದು ಏಣಿ ಹಿಡಿದು ನಿಂತೆ. ಪಾಪ, ಎರಡು ಗಂಟೆ ಮೇಲೆಯೇ ಒದ್ದಾಡಿದರು. ಆ ಫ್ಯಾನ್ ಇವತ್ತಿಗೂ ಉಲ್ಟಾ ತಿರುಗುತ್ತದೆ, ಆದರೆ ಕಡತ ಹೋಗಲಿಲ್ಲ ಮಾನ್ಯರೇ!

ಹಾಗೆ ನೋಡಿದರೆ ನನ್ನನ್ನು ಅತಿ ಹೆಚ್ಚು ಪೀಡಿಸಿದ ಅರ್ಜಿದಾರ ನಾನೇ. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಹದಿಮೂರು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ ನನ್ನದೂ ಒಂದು ಪ್ರಕರಣ ನಡೆಯಿತು. ಮಗಳಿಗೆ ಆಗ ಆರು. ಅಧಿಕಾರಿಯ ಹತ್ತಿರ ಅರ್ಧ ಗಂಟೆ ಏನೋ ಹೇಳಿದಳು. ಅಮ್ಮನ ಜೊತೆ ಹೋದಳು. ನನ್ನ ಪಾಲಿಗೆ ಭಾನುವಾರದ ಭೇಟಿ ಬಂತು. ವರದಿ ನನ್ನ ಕುರ್ಚಿಯ ಹಿಂದಿನ ಬೀರುವಿಗೆ ಬಂತು. ಬೀಗದಕೈ ನನ್ನ ಜೇಬಿನಲ್ಲಿ!

ಕದ್ದು ಓದಿದೆನೇ? ಇಲ್ಲ. ಅರ್ಜಿ ಹಾಕಿದೆ. ಅರ್ಜಿ ಕೊಡುವ ಕಿಟಕಿಯ ಹೊರಗೆ ನಿಂತು ಕೊಟ್ಟು, ಒಳಗೆ ಬಂದು ಸ್ವೀಕರಿಸಿದೆ. ಕಾರಣ: 'ಮಗಳು ನನ್ನ ಬಗ್ಗೆ ಏನಂದಳೋ ತಿಳಿಯದೆ ಅನ್ನ ಇಳಿಯುತ್ತಿಲ್ಲ.' ಬಲವಾದ ಕಾರಣವಲ್ಲ ಎಂದು ಷರಾ ಬರೆದು ಅಂಚೆಗೆ ಹಾಕಿದೆ. ಮೂರನೇ ದಿನ ಮನೆಗೆ ಬಂದ ಕಾಗದ ನೋಡಿ ಮೈಯೆಲ್ಲ ಉರಿಯಿತು. ಎಂಥಾ ಕಲ್ಲುಮನಸ್ಸಿನ ಗುಮಾಸ್ತ! ಅವನ ಮೇಲೆ ದೂರು ಕೊಟ್ಟೆ. ಮೇಲಧಿಕಾರಿ ವಿವರಣೆ ಕೇಳಿದರು. ಖಾರವಾಗಿಯೇ ಕೊಟ್ಟೆ. ಹೀಗೆ ನಾಲ್ಕು ಸಲ.

ಅವಳಿಗೆ ಹದಿನೆಂಟು ತುಂಬಿದಾಗ ಭಾನುವಾರದ ಆದೇಶವೂ ಮುಗಿಯಿತು. ಬರುವುದು ನಿಂತಿತು. ನಾನೂ ಕರೆಯಲಿಲ್ಲ. ಆದೇಶವಿಲ್ಲದೆ ಕರೆಯುವುದು ಹೇಗೆ? ನಗಬೇಡಿ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕಳೆದ ವಾರ ಅವಳೇ ಅರ್ಜಿ ಹಿಡಿದು ಕಿಟಕಿಗೆ ಬಂದಳು. ಗುರುತಿನ ಚೀಟಿ ಕೇಳಿದೆ. "ಅಪ್ಪಾ, ನಾನು!" ಅಂದಳು. "ಇರ್ಲಿ, ಚೀಟಿ ಕೊಡಮ್ಮ" ಅಂದೆ. ಓದುವವರ ಎದುರು ಸಿಬ್ಬಂದಿ ಕೂರಬೇಕು, ಕಡತ ನೋಡಬಾರದು. ಕೂತೆ. ಗೋಡೆ ನೋಡಿದೆ. ಮೊದಲ ಪುಟಕ್ಕೆ ನಕ್ಕಳು. ಎರಡನೆಯದಕ್ಕೆ ಮೂಗೊರೆಸಿಕೊಂಡಳು. ಮೂರನೆಯದನ್ನು ಎರಡು ಸಲ ಓದಿದಳು.

"ಏನಿದೆ ಪುಟ್ಟೀ?" ಎಂದೆ. ಸೇವೆಯಲ್ಲಿ ನಾನು ಮುರಿದದ್ದು ಅದೊಂದೇ ನಿಯಮ.

"ಅದು ಗೋಪ್ಯ ಅಲ್ವಾ ಅಪ್ಪಾ?" ಎಂದು ಕಡತ ಕಟ್ಟಿ ಸಹಿ ಹಾಕಿದಳು. ಬಾಗಿಲವರೆಗೆ ಹೋದವಳು ತಿರುಗಿ ಕೇಳಿದಳು: "ಈ ಭಾನುವಾರ ಮನೇಲಿರ್ತೀಯಾ?"

ಹೂಂ ಎಂದು ತಲೆಯಾಡಿಸಿದೆ.

ನನ್ನ ಜಾಗಕ್ಕೆ ಬರುತ್ತಿರುವ ತಾಯೀ, ನಾಳೆಯಿಂದ ನಾನೂ ಕಿಟಕಿಯ ಹೊರಗಿನವನು. ನನ್ನ ಚಪಲ ನನಗೆ ಗೊತ್ತು. ಹತ್ತು ಗಂಟೆಗೇ ಐದನೇ ಅರ್ಜಿ ತರುತ್ತೇನೆ, ಗೋಗರೆಯುತ್ತೇನೆ. ದಯವಿಟ್ಟು ತಿರಸ್ಕರಿಸಿ. ಉಳಿದವರಿಗೂ ಒಂದು ವಿನಂತಿ: ಇನ್ನು ಮುಂದೆ ಎಷ್ಟು ಸನ್ಮಾನ ಬೇಕಾದರೂ ಮಾಡಿ, ಭಾನುವಾರ ಮಾತ್ರ ಕರೆಯಬೇಡಿ. ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ಎಲ್ಲರಿಗೂ ಋಣಿ. ನಮಸ್ಕಾರ.