ಮುನ್ನೂರು ಗಜ

ಅದು ೧೯೭೪ರ ನವೆಂಬರ್. ಅಮೆರಿಕದ ಲಿವೋನಿಯಾ ಊರಿನ ಗ್ಯಾರೇಜೊಂದರಲ್ಲಿ ಕಾರಿಗೆ ಸ್ನೋ ಟೈರ್ ಹಾಕಿಸಲು ಕಾದು ಕೂತಿದ್ದ ವತ್ಸಲಾಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಮಾತಾಡಿಸೋಣವೆಂದು ಆಸೆಯಿಂದ ತಿರುಗಿದಳು. ಧಾರವಾಡದ ಕಡೆಯ ಅಣ್ಣತಮ್ಮಂದಿರು. ತಮ್ಮನ ಬಾಡಿದ ಮುಖ ನೋಡಿ ಮತ್ತೆ ಮುಂದಕ್ಕೆ ತಿರುಗಿ ಕೂತಳು.

"ಜಿಂಕಿ ಎಷ್ಟ್ ದೂರಿತ್ತು, ಕಲ್ಲಿನಾಥ?"

"ಮುನ್ನೂರು ಗಜ, ಅಣ್ಣಾ. ನೂರು ದಾಟಿದ್ರ ಹೊಡೀಬ್ಯಾಡ ಅಂತ ಬಂದೂಕು ಕೊಡೂ ಮುಂದನ ಬ್ಯಾಟಿಗೆ ಕರಕೊಂಡು ಹೋದ ನಮ್ಮ ಆಫೀಸಿನ ವಾಲ್ಟರ್ ಹೇಳಿದ್ದ. ಆದ್ರ ಆಫೀಸಿನವ್ರೆಲ್ಲ ನನ್ನನ್ನ ನೋಡ್ಲಿಕ್ಕತ್ತಿದ್ರು. ಹೊಡದೆ."

"ತಾಗ್ತೋ ಇಲ್ಲೋ?"

"ಹೊಟ್ಟಿಗೆ ತಾಗ್ತು. ಅಷ್ಟು ದೂರ ಹೋಗೂದ್ರಾಗ ಗುಂಡಿನ ಜೋರು ಇಳದಿತ್ತಂತ. ಒಳಗ ಗುಂಡಿನ ತುದಿ ಅರಳಿ ದೊಡ್ಡ ಗಾಯ ಆಗ್ಲಿಲ್ಲ, ಸಣ್ಣ ತೂತು ಮಾಡಿ ಆ ಕಡೆ ಹೋತು. ಜಿಂಕಿ ಓಡಿ ಅಡವಿ ಸೇರ್ತು."

"ವಾಲ್ಟರ್ ಬೈದನೇನು?"

"ಇಲ್ಲ. ನನ್ನ ಜೋಡಿ ಎರಡು ದಿವಸ ಹಿಮದಾಗ ರಕ್ತದ ಹನಿ ಹುಡುಕ್ಕೋತ ನಡದ. ಅರವತ್ತು ದಾಟಿದ ಮನಷ್ಯಾ."

"ಸಿಕ್ತೇನು?"

"ಹಳ್ಳದ ದಂಡ್ಯಾಗ ಸತ್ತು ಬಿದ್ದಿತ್ತು."

"ಹೋಗ್ಲಿ ಬಿಡು. ಭಾಳ ಹೊತ್ತೇನು ನರಳಿರೂದಿಲ್ಲ."

"ಸಿಕ್ಕಿದ್ದು ಎರಡನೇ ದಿವಸ ಮಧ್ಯಾಹ್ನ, ಅಣ್ಣಾ. ಮುಟ್ಟಿ ನೋಡ್ದೆ. ಮೈ ಇನ್ನೂ ಬೆಚ್ಚಗಿತ್ತು."

ಅವರ ಕಾರು ತಯಾರಾಗಿದೆಯೆಂದು ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದ. ತಮ್ಮ ಕೂತಲ್ಲೇ ಕೂತಿದ್ದ.

"ಏಳಪ್ಪಾ," ಎಂದು ಅಣ್ಣ ಅವನ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದ. ಇಬ್ಬರೂ ಹೊರಗೆ ನಡೆದರು.