ಸೂರಿನ ಒಂದಡಿ

ಡೊಮಿನಿಕಾದಲ್ಲಿ ಚಂಡಮಾರುತ ಬಂದುಹೋಗಿ ಮೂರು ವಾರವಾಗಿತ್ತು. ಚಾವಣಿ ತಗಡು ಪಡೆಯುವ ಸಾಲಿನಲ್ಲಿ ನನ್ನ ಮುಂದೆ ಬಡಗಿ ಅಂಥೆಲ್ಮನ ಹೆಂಡತಿ ಯೂಲಾಲಿ ಮತ್ತು ಮಗಳು ಕೆರೀಸ್ ನಿಂತಿದ್ದರು. ಮಗಳ ಕೈಯಲ್ಲಿ ಶಾಲೆಯ ನೋಟ್‌ಬುಕ್ಕಿತ್ತು.

"ತಗಡಿನ ಉದ್ದ ಎಕ್ಸ್ ಅಂದ್ಕೊಳ್ಳಮ್ಮ," ಎಂದಳು ಕೆರೀಸ್. "ಮನೆ ಅಗಲ ಇಪ್ಪತ್ನಾಲ್ಕಡಿ. ಅರ್ಧ?"

"ಹನ್ನೆರಡು."

"ಗೋಡೆ ಮೇಲಿಂದ ಚಾವಣಿ ನಡುವಿನ ಎತ್ತರ ಐದು. ಎರಡರ ವರ್ಗನೂ ಕೂಡಿಸು."

"ಹನ್ನೆರಡು ಹನ್ನೆರಡ್ಲ ನೂರ ನಲವತ್ನಾಲ್ಕು. ಐದೈದ್ಲ ಇಪ್ಪತ್ತೈದು. ನೂರ ಅರವತ್ತೊಂಬತ್ತು."

"ಅದರ ವರ್ಗಮೂಲ ಹದಿಮೂರು. ಗೋಡೆಯಾಚೆ ಚಾಚೋ ಸೂರಿಗೆ ಒಂದಡಿ. ಹದಿನಾಲ್ಕು."

"ಒಂದಡಿ ಯಾಕೆ?"

"ಅಪ್ಪ ಯಾವಾಗ್ಲೂ ಸೇರಿಸ್ತಿದ್ದನಲ್ಲ."

"ಗಾಳಿ ಎತ್ತಿದ್ದು ಆ ಒಂದಡಿನೇ. ಅದನ್ನ ಹಿಡ್ಕೊಂಡೇ ನಿಮ್ಮಪ್ಪ ಹೋಗಿದ್ದು."

ಕೆರೀಸ್ ರಬ್ಬರಿನಿಂದ ಅಳಿಸಿದಳು.

"ಹದಿಮೂರಡಿದು ಕೊಡಿ," ಎಂದಳು ಯೂಲಾಲಿ ಕಿಟಕಿಯಲ್ಲಿ.

ಮೊದಲ ತಗಡಿನ ಒಂದೊಂದು ತುದಿ ಹಿಡಿದು ಇಬ್ಬರೂ ನಡೆದರು.