ಎಂಟನೇ ಕಂತಿನ ನಾಯಿ

“ಎಂಟನೇ ಕಂತಲ್ಲಿ ನಾಯಿ ಸಾಯುತ್ತೆ ಅಕ್ಕ. ನೀನು ‘ಬಿದ್ದು ಬಿದ್ದು ನಕ್ಕೆ’ ಅಂತ ಮೆಸೇಜ್ ಹಾಕಿದ್ದೆ.”

ಮೂಳೆ ಡಾಕ್ಟರ ಕೋಣೆಯ ಹೊರಗೆ, ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ದರ್ಜಿಯ ಕಿವಿ ಬೇಡವೆಂದರೂ ಅತ್ತ ಹೊರಳಿತು. ಅದೇ ಬೆಂಚಿನಲ್ಲಿ ಅಕ್ಕ, ತಂಗಿ. ತಂಗಿಯ ಕಾಲಿಗೆ ತೊಡೆತನಕ ಪ್ಲಾಸ್ಟರ್. ಮಾತು ಯಾವುದೋ ಜಪಾನಿನ ಕಾರ್ಟೂನ್ ಕಥೆಯದು.

“ಬೇರೆ ಕಂತು ಅಂದುಕೊಂಡೆ ಕಣೇ.”

“ಒಂದಾದ್ರೂ ನೋಡಿದ್ಯಾ?”

ಅಕ್ಕ ಕೈಚೀಲದ ಜಿಪ್ ಎಳೆದಳು, ಮತ್ತೆ ಹಾಕಿದಳು.

“ನಿನಗೆ ಆ ರೈಲು ಓಡಿಸೋ ಹುಡುಗಿಯ ಅನಿಮೆ ಇಷ್ಟ ಆಗಿತ್ತಲ್ಲ. ಅದು ಹಿಡಿಸಿದವರಿಗೆ ಈ ಲೈಟ್‌ಹೌಸ್ ಅಜ್ಜಿ ಕಥೆನೂ ಹಿಡಿಸುತ್ತೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಂತ ಎಲ್ಲೋ ಓದಿದ್ದೆ. ಹೇಳಿದೆ.”

“ಮೆನು ಓದಿ ಊಟದ ರುಚಿ ಹೇಳಿದ ಹಾಗೆ.”

“ಹಿಡಿಸಲಿಲ್ವಾ ಹಾಗಾದ್ರೆ?”

“ತುಂಬಾ ಹಿಡಿಸ್ತು. ಅದೇ ಸಂಕಟ.”

“ಹಿಡಿಸಿದ ಮೇಲೆ ಇದೆಂಥ ಜಗಳ?”

“ದಿನಾ ಸಂಜೆ ಐದಕ್ಕೆ ನೀನು ನಿಮ್ಮನೇಲಿ, ನಾನು ನಮ್ಮನೇಲಿ, ಒಟ್ಟಿಗೆ ನೋಡೋಣ ಅಂದವಳು ನೀನು. ಆರು ವಾರ ಮಂಚದ ಮೇಲೆ ಬಿದ್ದುಕೊಂಡು ಐದು ಗಂಟೆ ಆಗೋದನ್ನೇ ಕಾದಿದ್ದೀನಿ.”

“ನೀನು ಒಂಟಿ ಅನ್ಕೋಬಾರದು ಅಂತ ಹಾಗಂದೆ ಕಣೇ.”

“ನಾಯಿ ಸತ್ತಾಗ ಇಬ್ಬರೂ ಅಳ್ತಿದ್ದೀವಿ ಅನ್ಕೊಂಡಿದ್ದೆ. ಅತ್ತಿದ್ದು ನಾನೊಬ್ಬಳೇ.”

ನರ್ಸ್ ಬಂದು ತಂಗಿಯನ್ನು ಒಳಗೆ ಕರೆದಳು. ಅಕ್ಕ ಎದ್ದು ಕೈ ಚಾಚಿದಳು. ತಂಗಿ ಆ ಕೈಯನ್ನು ನೋಡಿ, ದರ್ಜಿಯ ಕಡೆ ತಿರುಗಿದಳು.

“ಅಣ್ಣಾ, ಸ್ವಲ್ಪ ಏಳಿಸ್ತೀರಾ?”